ಮೋರ್ಟಾಸ್ ಮನೆಯ ಹೆಸರು

"ಕೇಕು ತಗೋ. ನಿನ್ನೇದು, ಆದ್ರೆ ಕೆಟ್ಟಿಲ್ಲ," ಎಂದರು ಯೋರ್ಡಿಸ್.

ಹಸಿರು ಹೊದಿಕೆಯ ಕೇಕು ಅಡಿಗೆಮನೆಯ ಮೇಜಿನ ನಡುವೆ ಕೂತಿತ್ತು. ಹನ್ನೆರಡು ಜನಕ್ಕೆ ಸಾಕಾಗುವಷ್ಟು ದೊಡ್ಡದು. ಕತ್ತರಿಸಿದ್ದು ಎರಡೇ ಎರಡು ತುಂಡು.

ಇನ್ಸ್‌ಪೆಕ್ಟರ್ ತೋರಾ ಲಿಂಡ್ವಾಲ್ ಅದನ್ನು ನೋಡಿಯೂ ನೋಡದವಳಂತೆ ತಟ್ಟೆ ಮುಂದೆ ಹಿಡಿದಳು.

"ದೊಡ್ಡದೇ ಕೊಡಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಅದು ಸುಳ್ಳು. ಫಾಲುನ್ ಪೇಟೆ ಬಿಡುವ ಮೊದಲೇ ಅವಳು ಎರಡು ಬ್ರೆಡ್ಡು, ಒಂದು ಮೊಟ್ಟೆ ತಿಂದಿದ್ದಳು.

ನಿನ್ನೆಗೆ ಯೋರ್ಡಿಸ್‌ಗೆ ಎಂಬತ್ತು ತುಂಬಿತ್ತು. ದಾಲಾರ್ನ ಸೀಮೆಯ ಈ ಹಳ್ಳಿಗಳಲ್ಲಿ ಎಂಬತ್ತು ತುಂಬಿದವರ ಮನೆಗೆ ಜನ ಕರೆಯದೆಯೇ ಬರುತ್ತಾರೆ. ಮನೆಯವರು ಏಳು ಬಗೆಯ ಬಿಸ್ಕತ್ತು ಸುಟ್ಟಿಟ್ಟು ಬಾಗಿಲು ನೋಡುತ್ತಾ ಕೂರುವುದಷ್ಟೇ ಕೆಲಸ. ಏಳು ಬಗೆಯೂ ಏಳು ತಟ್ಟೆಗಳಲ್ಲಿ ಹಾಗೆಯೇ ಇದ್ದವು. ಮೇಲೆ ಒಗೆದು ಇಸ್ತ್ರಿ ಮಾಡಿದ ಬಟ್ಟೆ ಹೊದಿಸಿತ್ತು.

ಯಾರೂ ಏಕೆ ಬರಲಿಲ್ಲ ಎಂದು ತೋರಾ ಕೇಳಬೇಕಾಗಿರಲಿಲ್ಲ. ಅದಕ್ಕೆ ಕಾರಣ ಅವಳೇ.

ಮೂವತ್ತೇಳು ವರ್ಷದ ಹಿಂದಿನ ಮಾರ್ಚ್‌ನಲ್ಲಿ, ಈ ಊರಿನ ಮರಕೊಯ್ಯುವ ಮಿಲ್ಲಿನ ದಾರಿಯಲ್ಲಿ ಉಲ್ರಿಕಾ ಎಂಬ ಇಪ್ಪತ್ತೆರಡರ ಹುಡುಗಿಯನ್ನು ಯಾರೋ ಕೊಂದಿದ್ದರು. ಅವಳ ಉಣ್ಣೆಯ ಕೈಗವಸಿನಲ್ಲಿ ಅವಳದಲ್ಲದ ರಕ್ತ ಉಳಿದಿತ್ತು. ಈ ಬೇಸಿಗೆಯಲ್ಲಿ ಕಾನೂನು ಬದಲಾದ ಮೇಲೆ ಆ ರಕ್ತವನ್ನು, ತಮ್ಮ ನೆಂಟರನ್ನು ಹುಡುಕಲು ಡಿಎನ್‌ಎ ಪರೀಕ್ಷೆಗೆ ಉಗುಳು ಕಳಿಸಿದ ಸಾವಿರಾರು ಜನರ ಪಟ್ಟಿಯ ಜೊತೆ ಹೋಲಿಸಿ ನೋಡಿದರು. ಹತ್ತಿರದ ಹೋಲಿಕೆ ಸಿಕ್ಕಿದ್ದು ಒಬ್ಬರದೇ. ಯೋರ್ಡಿಸ್‌ರದು. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳ ನಡುವೆ ಇರುವಷ್ಟು ಹೋಲಿಕೆ.

ಅಕ್ಟೋಬರ್‌ನಲ್ಲಿ ತೋರಾ ಇದೇ ಊರಿನ ಮೂವರು ಗಂಡಸರ ಬಾಯಿಗೆ ಹತ್ತಿಯ ಕಡ್ಡಿ ಹಾಕಿಸಿದ್ದಳು. ಮೂವರೂ ಮೋರ್ಟಾಸ್ ಎಂಬ ಈ ಮನೆತನದ ಮೊಮ್ಮಕ್ಕಳು. ಯಾರ ಉಗುಳಿನಿಂದ ಪೊಲೀಸರು ತಮ್ಮ ಬಾಗಿಲಿಗೆ ಬಂದರೆಂದು ಊರಿಗೆ ತಿಳಿಯಲು ಒಂದು ವಾರವೂ ಬೇಕಾಗಲಿಲ್ಲ.

"ಸ್ಟೀಗ್ ಈಗ್ಲೂ ಹಿಮ ತೆಗೆಯೋ ಟ್ರ್ಯಾಕ್ಟರ್ ತರ್ತಾನಾ?" ತೋರಾ ಕೇಳಿದಳು. ಸ್ಟೀಗ್ ಆ ಮೂವರಲ್ಲಿ ಒಬ್ಬ.

"ತರ್ತಾನೆ. ನನ್ನ ಬೇಲಿ ತನಕ ಬಂದು ತಿರುಗಿಸ್ಕೊಂಡು ಹೋಗ್ತಾನೆ. ಗೆರೆ ಹೊಡೆದ ಹಾಗೆ." ಯೋರ್ಡಿಸ್ ನಕ್ಕರು. "ಅಷ್ಟು ನೇರವಾಗಿ ಅವನು ಹೊಲ ಕೂಡ ಉತ್ತಿಲ್ಲ, ಜೀವಮಾನದಲ್ಲಿ."

ಅಂಗಳದ ದಾರಿಯ ಹಿಮ ಮಾತ್ರ ಅಚ್ಚುಕಟ್ಟಾಗಿ ಎತ್ತಿತ್ತು. ಎರಡೂ ಬದಿಗೆ ಸಮನಾಗಿ ಒಟ್ಟಿ, ಮೆಟ್ಟಿಲ ಮೇಲೆ ಜಾರದಂತೆ ಮರಳು ಚೆಲ್ಲಿತ್ತು. ಎಂಬತ್ತರ ಹೆಂಗಸು ಮಾಡುವ ಕೆಲಸವಲ್ಲ ಎಂದು ಬರುವಾಗಲೇ ತೋರಾ ಅಂದುಕೊಂಡಿದ್ದಳು.

"ಯೋರ್ಡಿಸ್, ಒಂದು ಒಳ್ಳೆ ಸುದ್ದಿ ಹೇಳೋಕೆ ಬಂದೆ. ಆ ಮೂವರೂ ಅಲ್ಲ."

ಮುದುಕಿಯ ಕೈಯ ಚಮಚ ನಿಂತಿತು. "ಅಲ್ವಾ?"

"ಅಲ್ಲ. ಅವರಿಗೂ ನಿಮಗೂ ರಕ್ತಸಂಬಂಧ ಇದೆ. ಆದ್ರೆ ಕೈಗವಸಿನ ರಕ್ತಕ್ಕೂ ಅವರಿಗೂ ಕೂದಲೆಳೆಯಷ್ಟೂ ಇಲ್ಲ."

"ಅವರಿಗೆ ಹೇಳಿದ್ಯಾ?"

"ಬರೋವಾಗ ಮೂರು ಮನೆಗೂ ಹೋಗಿ ಹೇಳಿದೆ."

"ಏನಂದ್ರು?"

ಸ್ಟೀಗ್ ಮುಖದ ಮೇಲೆಯೇ ಬಾಗಿಲು ಹಾಕಿದ್ದನ್ನು ತೋರಾ ಹೇಳಲಿಲ್ಲ. "ಸಮಾಧಾನ ಆಯ್ತು ಅಂದ್ರು," ಎಂದಳು.

ಯೋರ್ಡಿಸ್ ಅವಳ ಮುಖವನ್ನೇ ನೋಡಿದರು. "ನಿಂಗೆ ಸುಳ್ಳು ಹೇಳೋಕೆ ಬರಲ್ಲ ಪುಟ್ಟಾ. ಹೊಟ್ಟೆ ಹಸಿದಿದೆ ಅಂದಾಗ್ಲೇ ಗೊತ್ತಾಯ್ತು."

"ನಂಗೆ ಐವತ್ನಾಲ್ಕು. ಪುಟ್ಟಾ ಅಂತೀರಲ್ಲ."

"ಎಂಬತ್ತರ ಮುಂದೆ ಐವತ್ನಾಲ್ಕು ತೊಟ್ಟಿಲು."

ತೋರಾ ನಗುತ್ತಾ ಟಿಪ್ಪಣಿ ಪುಸ್ತಕ ತೆರೆದಳು. ಇನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ.

"ಮೋರ್ಟಾಸ್‌ನವರು ಯಾರೂ ಅಲ್ಲ ಅಂದ್ಮೇಲೆ, ಅವನು ನಿಮ್ಮ ತಾಯಿ ಕಡೆಯೋನು ಅಂತಾಯ್ತು. ತಾಯಿ ತವರಿನ ಕಡೆ ಯಾರ್ಯಾರಿದ್ದಾರೆ?"

ಯೋರ್ಡಿಸ್ ಕಣ್ಣು ಪಿಳುಕಿಸಿದರು. "ತವರು? ಇದೇ ತವರು."

"ನಿಮ್ಮ ತಾಯೀದು ಕೇಳಿದ್ದು."

"ಅದನ್ನೇ ಹೇಳ್ತಿರೋದು. ಅಮ್ಮ ಹುಟ್ಟಿದ್ದು ಆ ಕೋಣೇಲಿ, ಸತ್ತಿದ್ದೂ ಆ ಕೋಣೇಲಿ. ನೀನು ಬಾಯಿ ತೆರೆಸಿ ನೋಡಿದ ಮೂವರೂ ನನ್ನ ಸೋದರಮಾವಂದಿರ ಮಕ್ಕಳು."

ತೋರಾ ಪುಸ್ತಕದ ಹಾಳೆ ಹಿಂದಕ್ಕೆ ತಿರುಗಿಸಿದಳು. ಚರ್ಚಿನ ದಾಖಲೆಯಿಂದ ಇಳಿಸಿಕೊಂಡ ವಂಶವೃಕ್ಷ ಅಲ್ಲಿತ್ತು. ಮೋರ್ಟಾಸ್ ಆಂಡರ್ಸ್, ಹೆಂಡತಿ ಮೋರ್ಟಾಸ್ ಬ್ರಿಟಾ, ಮಗಳು ಯೋರ್ಡಿಸ್.

"ನಿಮ್ಮ ತಂದೆ ಹೆಸರು ಮೋರ್ಟಾಸ್ ಆಂಡರ್ಸ್ ಅಂತಿದೆಯಲ್ಲ?"

"ಈ ಸೂರಿನಡಿ ಬಂದ್ಮೇಲೆ ಮೋರ್ಟಾಸ್ ಆದ. ಅದಕ್ಕೆ ಮೊದ್ಲು ಅವನು ಬಡ್ಡಾಸ್ ಆಂಡರ್ಸ್. ಮದುವೆಯಾಗಿ ಹೆಂಡತಿ ಮನೆಗೆ ಬಂದ, ಮನೆ ಹೆಸರು ಹಾಕ್ಕೊಂಡ. ಅದು ಮನೇದು ಪುಟ್ಟಾ, ಮನುಷ್ಯರದಲ್ಲ. ನಾಳೆ ನೀನು ಇಲ್ಲಿ ಬಂದಿದ್ರೆ ನೀನೂ ಮೋರ್ಟಾಸ್ ತೋರಾ."

ತೋರಾ ಫಾಲುನ್ ಪೇಟೆಯಲ್ಲಿ ಬೆಳೆದವಳು. ಇಂಥದ್ದನ್ನು ಅಜ್ಜಿಯ ಬಾಯಲ್ಲಿ ಎಂದೋ ಕೇಳಿದ್ದಳು, ಮರೆತಿದ್ದಳು. ಊರಿನ ಎಪ್ಪತ್ತು ದಾಟಿದ ಯಾರನ್ನು ಕೇಳಿದ್ದರೂ ಎರಡು ನಿಮಿಷದಲ್ಲಿ ಹೇಳುತ್ತಿದ್ದರು. ಯಾರನ್ನೂ ಕೇಳಿರಲಿಲ್ಲ.

ಅವಳು ಫೋನ್ ತೆಗೆದು ಸಹೋದ್ಯೋಗಿ ಎಸ್ಕಿಲ್‌ಗೆ ಕರೆ ಮಾಡಿದಳು. ವಂಶವೃಕ್ಷ ಬಿಡಿಸಿದವನು ಅವನೇ. ದಕ್ಷಿಣದ ಸ್ಕೋನೆಯ ಬಯಲಿನವನು, ಬುದ್ಧಿವಂತ.

"ಎಸ್ಕಿಲ್, ನಿನ್ನ ಮರ ತಲೆಕೆಳಗಾಗಿದೆ."

"ಶುಭೋದಯ ನಿಮಗೂ."

"ಮೋರ್ಟಾಸ್ ಅನ್ನೋದು ಗಂಡನ ಹೆಸರಲ್ಲ. ಮನೆ ಹೆಸರು. ಗಂಡ ಹೊರಗಿಂದ ಬಂದು ಹೆಂಡತಿ ಮನೆ ಹೆಸರು ಇಟ್ಕೊಂಡಿದಾನೆ."

"ಹಾಗೆ ಯಾರು ಮಾಡ್ತಾರೆ?"

"ಇಲ್ಲಿ ಎಲ್ಲರೂ."

"ಹಾಗಾದ್ರೆ ನಾನು ಹೋಗಿ ಅರಮನೇಲಿ ಇದ್ರೆ?"

"ಅರಮನೆಯವರನ್ನ ಕೇಳು. ನಾವು ತಾಯಿ ಕಡೆ ಮುಗಿಸಿ, ತಾಯಿ ಕಡೆಯನ್ನೇ ಮತ್ತೆ ಹುಡುಕ್ತಿದ್ವಿ. ಬೇಕಾಗಿರೋದು ತಂದೆ ಕಡೆ. ಬಡ್ಡಾಸ್ ಅನ್ನೋ ಮನೆ ನೋಡು."

ಆ ಕಡೆ ಅವನು ಹೆಸರು ಟೈಪು ಮಾಡತೊಡಗಿದ. ಅರ್ಧಕ್ಕೇ ಕೀಲಿಮಣೆಯ ಸದ್ದು ನಿಂತಿತು.

"ಆ ಮೂವರು..." ಎಂದ ಎಸ್ಕಿಲ್, ಬೇರೆಯದೇ ದನಿಯಲ್ಲಿ. "ಅವರನ್ನ ಊರೆಲ್ಲ ಎರಡು ತಿಂಗಳು... ಅದು ನನ್ನಿಂದ ಆಗಿದ್ದು. ಶನಿವಾರ ರಜ ಇದೆ. ನಾನೇ ರೈಲು ಹತ್ತಿ ಬಂದು ಅವರ ಹತ್ರ ಮಾತಾಡ್ತೀನಿ."

"ಬಾ. ದಪ್ಪ ಸಾಕ್ಸು ಹಾಕ್ಕೊಂಡು ಬಾ," ಎಂದಳು ತೋರಾ. ಅವನ ಮೇಲೆ ಬಂದಿದ್ದ ಸಿಟ್ಟು ಅಲ್ಲಿಗೆ ಇಳಿದುಹೋಯಿತು.

ಫೋನ್ ಕೆಳಗಿಟ್ಟಾಗ ಯೋರ್ಡಿಸ್ ಒಲೆಯ ಹತ್ತಿರ ನಿಂತಿದ್ದರು. ಬೆನ್ನು ಇತ್ತ ಕಡೆ.

"ತಂದೆಯ ಊರು ಯಾವುದು?"

"ಮೇಲಿನ ಕಾಡಲ್ಲಿ. ಈಗ ಅಲ್ಲಿ ಮನೆ ಇಲ್ಲ, ಬರೀ ಕಲ್ಲು."

"ಒಡಹುಟ್ಟಿದವರು?"

"ಒಬ್ಬ ತಮ್ಮ ಇದ್ದ. ಕಾರ್ಲ್."

"ಕಾರ್ಲ್‌ಗೆ ಮಕ್ಕಳು?"

ಯೋರ್ಡಿಸ್ ಕಾಫಿಯ ಕೆಟಲನ್ನು ತಂದು ತೋರಾಳ ಬಟ್ಟಲಿಗೆ ಬಗ್ಗಿಸಿದರು. ಬಟ್ಟಲು ತುಂಬಿಯೇ ಇತ್ತು. ಕಾಫಿ ತಟ್ಟೆಗೆ ಹರಿಯಿತು. ಅವರು ಅದನ್ನು ಒರೆಸಲಿಲ್ಲ, ಕ್ಷಮಿಸು ಎನ್ನಲೂ ಇಲ್ಲ.

ತೋರಾ ಕೇಕಿನ ಕಡೆ ನೋಡಿದಳು. ತನ್ನ ತುಂಡು ಬಿಟ್ಟು, ನಿನ್ನೆ ಕತ್ತರಿಸಿದ್ದು ಎರಡು. ಒಂದು ಯೋರ್ಡಿಸ್ ತಿಂದದ್ದು.

"ನಿನ್ನೆ ಯಾರು ಬಂದಿದ್ರು ಯೋರ್ಡಿಸ್?"

"ಹೊರಗಿನವರು ಯಾರೂ ಬಂದಿಲ್ಲ."

ತೋರಾಳ ಕೈ ಬಟ್ಟಲಿನ ಮೇಲೆಯೇ ನಿಂತಿತು. ಈ ಮಾತನ್ನು ಅವಳು ಮೊದಲೇ ಓದಿದ್ದಳು. ಹಳೆಯ ಕಡತದಲ್ಲಿ, ಟೈಪು ಮಾಡಿದ ಹಾಳೆಯಲ್ಲಿ. ಸಾವಿರದೊಂಬೈನೂರ ಎಂಬತ್ತೆಂಟು, ಮಾರ್ಚ್ ಒಂಬತ್ತು, ಮನೆಮನೆ ವಿಚಾರಣೆ. ಪ್ರಶ್ನೆ: ಈ ವಾರ ನಿಮ್ಮ ಮನೆಗೆ ಹೊರಗಿನವರು ಯಾರಾದರೂ ಬಂದಿದ್ದರೇ? ಉತ್ತರ: ಹೊರಗಿನವರು ಯಾರೂ ಬಂದಿಲ್ಲ. ಕೆಳಗೆ ಯೋರ್ಡಿಸ್‌ರ ದುಂಡು ಸಹಿ.

"ಹೊರಗಿನವರಲ್ಲದವರು?" ಮೆಲ್ಲಗೆ ಕೇಳಿದಳು.

ಗೋಡೆಯ ಗಡಿಯಾರ ಹನ್ನೊಂದು ಹೊಡೆಯಿತು. ಪೂರ್ತಿ ಹೊಡೆದು ಮುಗಿಯುವವರೆಗೆ ಯೋರ್ಡಿಸ್ ಕಾದರು.

"ಎವೆರ್ಟ್. ಕಾರ್ಲ್ ಚಿಕ್ಕಪ್ಪನ ಮಗ. ಅವನನ್ನ ಹೊರಗಿನವನು ಅಂತ ಯಾರಾದ್ರೂ ಅಂತಾರಾ? ನಂಗಿರೋ ಒಬ್ಬನೇ ತಮ್ಮ."

"ಅಂಗಳದ ಹಿಮ ಎತ್ತೋದು?"

"ಅವನೇ."

"ಎಂಬತ್ತೆಂಟರಲ್ಲಿ ಎಲ್ಲಿದ್ದ?"

"ಇಲ್ಲೇ. ಆ ಚಳಿಗಾಲ ಮಿಲ್ಲಲ್ಲಿ ಕೆಲಸಕ್ಕಿದ್ದ. ಅಂಗಳದ ಆಚೆ ರೊಟ್ಟಿ ಸುಡೋ ಮನೆ ಇದೆಯಲ್ಲ, ಅದರಲ್ಲಿ ಮಲಗ್ತಿದ್ದ. ಮೂವತ್ತೊಂದು ವರ್ಷ ಅವನಿಗೆ. ಮಾತು ಕಮ್ಮಿ."

"ಉಲ್ರಿಕಾನೂ ಈ ಮನೆಗೆ ಬರ್ತಿದ್ಲು."

"ದಿನಾ." ಯೋರ್ಡಿಸ್ ಕುರ್ಚಿಗೆ ಕೂತರು. "ಪಂಚಾಯ್ತಿಯಿಂದ ಕಳಿಸ್ತಿದ್ರು, ಹಾಸಿಗೆ ಹಿಡಿದ ಅಮ್ಮನ್ನ ನೋಡ್ಕೊಳ್ಳೋಕೆ. ಅಮ್ಮನ ಕೂದಲು ಬಾಚೋ ಮುಂಚೆ ಬಾಚಣಿಗೆನ ಒಲೆ ಹತ್ರ ಹಿಡಿದು ಬೆಚ್ಚಗೆ ಮಾಡ್ತಿದ್ಲು. ತಲೆಗೆ ತಣ್ಣಗಾಗಬಾರ್ದು ಅಂತ. ಅದನ್ನ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ."

ತೋರಾ ಏನನ್ನೂ ಬರೆದುಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟಳು.

"ಅವಳು ಸತ್ತ ದಿನ ಎವೆರ್ಟ್‌ನ ನೋಡಿದ್ರಾ?"

"ಸಂಜೆ ಊಟಕ್ಕೆ ಬಂದ."

"ಹೇಗಿದ್ದ?"

"ಹೇಗಿರ್ತಾನೆ? ಕೈ ಕುಯ್ಕೊಂಡಿದ್ದ. ಮಿಲ್ಲಲ್ಲಿ ಅವರು ದಿನಾ ಕುಯ್ಕೋತಾರೆ, ಅವರಲ್ಲಿ ಹತ್ತು ಬೆರಳು ಇದ್ದೋನೇ ಹೊಸಬ. ನಾನೇ ತೊಳೆದು ಬಟ್ಟೆ..."

ಯೋರ್ಡಿಸ್ ತಮ್ಮ ಎರಡು ಕೈಗಳನ್ನು ಮೇಜಿನ ಮೇಲೆ ಇಟ್ಟು ನೋಡಿಕೊಂಡರು. ಮೂವತ್ತೇಳು ವರ್ಷ ಅವರು ಆ ಬಟ್ಟೆಯನ್ನು ಒಂದು ಸಣ್ಣ ಉಪಕಾರವೆಂದೇ ನೆನಪಿನಲ್ಲಿ ಇಟ್ಟುಕೊಂಡಿದ್ದರು. ಅದನ್ನು ಇನ್ನೊಂದು ಮಗ್ಗುಲಿಂದ ನೋಡಬಹುದೆಂದು ಈಗ, ಈ ಕ್ಷಣದಲ್ಲಿ, ಮೊದಲ ಸಲ ಕಂಡಿತ್ತು.

"ಮಿಲ್ಲಲ್ಲೇ ಆಗಿದ್ದು," ಎಂದರು.

"ಇರಬಹುದು."

"ಎಲ್ಲರಿಗೂ ಆಗ್ತಿತ್ತು."

"ಹೌದು. ಅದಕ್ಕೇ ಒಂದು ಕಡ್ಡಿ ಸಾಕು ಯೋರ್ಡಿಸ್. ಎರಡು ನಿಮಿಷದ ಕೆಲಸ. ಅವನಲ್ಲದಿದ್ರೆ ಅಲ್ಲಿಗೆ ಮುಗೀತು."

"ಅವನೇ ಆದ್ರೆ?"

ತೋರಾ ತಟ್ಟೆಗೆ ಹರಿದಿದ್ದ ಕಾಫಿಯನ್ನು ಒರೆಸಿದಳು.

"ನಾನು ಉಗುಳು ಯಾಕೆ ಕಳಿಸಿದ್ದು ಗೊತ್ತಾ?" ಯೋರ್ಡಿಸ್ ದನಿ ಏರಿಸಲಿಲ್ಲ. "ಅಮೆರಿಕಕ್ಕೆ ಹೋದ ನಮ್ಮ ಕಡೆಯೋರು ಯಾರಾದ್ರೂ ಸಿಕ್ಕಾರು ಅಂತ. ಒಂದು ಕ್ರಿಸ್‌ಮಸ್ ಕಾರ್ಡಾದ್ರೂ ಬಂದೀತು ಅಂತ. ಅರ್ಜಿ ಕೊನೇಲಿ ಒಂದು ಚೌಕ ಇತ್ತು, ಪೊಲೀಸರು ನೋಡಬಹುದಾ ಅಂತ. ಯಾರಿಗಾದ್ರೂ ಉಪಯೋಗವಾಗ್ಲಿ ಅಂತ ಗುರುತು ಹಾಕ್ದೆ. ಸೋದರಮಾವನ ಮಕ್ಕಳು ಹೋದ್ರು. ಊರು ಹೋಯ್ತು. ನಿನ್ನೆ ಬಂದಿದ್ದು ಅವನೊಬ್ಬ. ಕೋಟು ಹಾಕ್ಕೊಂಡು, ಟೈ ಕಟ್ಕೊಂಡು ಬಂದಿದ್ದ. ಹನ್ನೆರಡು ಬಟ್ಟಲು ಜೋಡಿಸಿಟ್ಟಿದ್ದು ನೋಡಿ, ಒಂದು ಮಾತಾಡ್ದೆ ಹತ್ತು ಬಟ್ಟಲು ಎತ್ತಿ ಬೀರುವಿಗೆ ಇಟ್ಟ. ನಾನು ಎತ್ತಿಡೋ ಹಾಗಾಗಬಾರ್ದು ಅಂತ."

ಅವರು ಕಿಟಕಿಯ ಕಡೆ ತಿರುಗಿದರು.

"ನೀನು ನಿನ್ನ ಕೆಲಸ ಮುಗಿಸ್ಕೊಂಡು ಹೋಗ್ತೀಯ. ಆಮೇಲೆ ಈ ಮನೆ ಬಾಗಿಲು ಯಾರು ತಟ್ತಾರೆ, ಹೇಳು."

ನಾನು ಬರ್ತೀನಿ ಎನ್ನುವ ಮಾತು ತೋರಾಳ ನಾಲಿಗೆಯ ತುದಿಗೆ ಬಂದಿತ್ತು. ತನಗೆ ಸುಳ್ಳು ಬರುವುದಿಲ್ಲವೆಂದು ಈಗಷ್ಟೇ ಕೇಳಿಸಿಕೊಂಡಿದ್ದಳು. ಅವಳ ಮನೆಯ ಬಾಗಿಲನ್ನೂ ಔಷಧಿ ಅಂಗಡಿಯ ಪಾರ್ಸಲ್ಲಿನವನನ್ನು ಬಿಟ್ಟು ಯಾರೂ ತಟ್ಟಿ ಎರಡು ವರ್ಷವಾಗಿತ್ತು.

"ಗೊತ್ತಿಲ್ಲ," ಎಂದಳು.

ಯೋರ್ಡಿಸ್ ತಲೆಯಾಡಿಸಿದರು. ಆ ಉತ್ತರವೇ ಅವರಿಗೆ ಬೇಕಾಗಿತ್ತೋ ಏನೋ. ಅಂಗಿಯ ಮೇಲಿನ ಏಪ್ರನ್ ಜೇಬಿನಿಂದ ದೊಡ್ಡ ಗುಂಡಿಗಳ ಫೋನು ತೆಗೆದು, ಒಂದೇ ಒಂದು ಗುಂಡಿ ಒತ್ತಿದರು. ಯಾರಿಗೆಂದು ತೋರಾಳಿಗೆ ಹೊಳೆಯುವಷ್ಟರಲ್ಲಿ ಆ ಕಡೆಯವರು ಎತ್ತಿಯಾಗಿತ್ತು.

"ಎವೆರ್ಟ್, ನಾನು. ಪೊಲೀಸಿನೋಳು ಇಲ್ಲಿ ಕೂತಿದಾಳೆ. ನಿನ್ನ ಉಗುಳು ಬೇಕಂತೆ."

"ಯೋರ್ಡಿಸ್!" ತೋರಾ ಎದ್ದು ನಿಂತಳು.

"ಹೂಂ. ಆ ಹುಡುಗಿ ವಿಷ್ಯಕ್ಕೇ. ನಾನೇ ನಿನ್ನ ಹೆಸರು ಹೇಳ್ದೆ. ಕಾಫಿ ಇಟ್ಟಿದೀನಿ, ಬಾ."

ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಸರಿ," ಎಂದು ಫೋನನ್ನು ಮತ್ತೆ ಜೇಬಿಗೆ ಹಾಕಿದರು.

"ಏನು ಮಾಡಿದ್ರಿ ನೀವು? ಅವನು ಓಡಿಹೋದ್ರೆ? ಮೂವತ್ತೇಳು ವರ್ಷ ಆ ಹುಡುಗಿಯ ತಾಯಿ ಕಾದಿದಾಳೆ!"

"ಮೂವತ್ತೇಳು ವರ್ಷದಲ್ಲಿ ನಾನು ಕರೆದಾಗ ಅವನು ಬರದೇ ಇದ್ದಿದ್ದು ಒಂದ್ಸಲ ಇಲ್ಲ." ಯೋರ್ಡಿಸ್‌ರ ಕೆನ್ನೆ ಕೆಂಪಾಗಿತ್ತು, ದನಿ ಮಾತ್ರ ಸ್ಥಿರವಾಗಿತ್ತು. "ಎಲ್ಲ ಹೇಳಿ ಕರೆದಿದೀನಿ. ಬಂದ್ರೆ ಅವನಲ್ಲ. ನಿನ್ನ ಕಡ್ಡಿಗಿಂತ ಮುಂಚೆ ನಂಗೆ ಗೊತ್ತಾಗಬೇಕು."

"ಅವನು ಏನಂದ?"

"ಬರ್ತಾ ಏನಾದ್ರೂ ತರ್ಲಾ ಅಂದ."

ತೋರಾ ಠಾಣೆಗೆ ಫೋನು ಮಾಡಿದಳು. ಹತ್ತಿರದ ಗಸ್ತಿನ ಕಾರು ನಲವತ್ತು ನಿಮಿಷದ ದೂರದಲ್ಲಿತ್ತು. ಎವೆರ್ಟ್‌ನ ಮನೆ ಇಪ್ಪತ್ತು.

ಯೋರ್ಡಿಸ್ ಬೀರುವಿನಿಂದ ಮೂರನೆಯ ಬಟ್ಟಲು ತೆಗೆದರು. ಅಂಚಿನಲ್ಲಿ ಸಣ್ಣ ಸೀಳಿದ್ದುದನ್ನು ನೋಡಿ ಅದನ್ನು ತಮಗೇ ಇಟ್ಟುಕೊಂಡು, ಚೆನ್ನಾಗಿದ್ದ ತಮ್ಮದನ್ನು ತೊಳೆದು ಅವನ ಜಾಗದಲ್ಲಿಟ್ಟರು. ಬಿಸ್ಕತ್ತಿನ ತಟ್ಟೆಗಳ ಬಟ್ಟೆ ತೆಗೆದರು. ಹೊರಗೆ ಹಗುರವಾಗಿ ಹಿಮ ಬೀಳಲು ಶುರುವಾಗಿತ್ತು. ತೋರಾ ತಂದಿದ್ದ ಕಡ್ಡಿಯ ಲಕೋಟೆಯನ್ನು ಮೇಜಿನ ಮೇಲೆ ಇಡುವುದೋ ಬೇಡವೋ ಎಂದು ಎರಡು ಸಲ ಯೋಚಿಸಿ, ಕೋಟಿನ ಜೇಬಿನಲ್ಲೇ ಬಿಟ್ಟಳು.

"ಅವನು ಮದುವೆ ಆಗ್ಲಿಲ್ವಾ?" ಒಮ್ಮೆ ಕೇಳಿದಳು.

"ಇಲ್ಲ. ಯಾಕೆ ಅಂತ ಒಂದ್ಸಲ ಕೇಳಿದ್ದೆ. ನಂಗೆ ಅದು ಸಲ್ಲಲ್ಲ ಅಂದ." ಒಂದು ಬಿಸ್ಕತ್ತನ್ನು ಸರಿಯಾಗಿ ಜೋಡಿಸಿಟ್ಟು, "ನಾಚಿಕೆಗೆ ಹಾಗಂದ ಅಂತ ಅಂದ್ಕೊಂಡಿದ್ದೆ," ಎಂದರು.

ಇಪ್ಪತ್ತು ನಿಮಿಷ ಕಳೆಯಿತು. ಇಪ್ಪತ್ತೈದು. ಯೋರ್ಡಿಸ್ ಕಾಫಿಯನ್ನು ಒಲೆಯಿಂದ ಇಳಿಸಿ, ಮತ್ತೆ ಏರಿಸಿದರು.

ಇಪ್ಪತ್ತೆಂಟನೆಯ ನಿಮಿಷಕ್ಕೆ ರಸ್ತೆಯ ತಿರುವಿನಲ್ಲಿ ಕಾರಿನ ಸದ್ದು ಕೇಳಿತು.

"ಅವನದೇ," ಎಂದರು ಯೋರ್ಡಿಸ್. ಮುಖದಲ್ಲಿ ಹತ್ತು ವರ್ಷ ಇಳಿದುಹೋಯಿತು. "ಆ ಸೈಲೆನ್ಸರ್ ಸರಿ ಮಾಡಿಸ್ಕೋ ಅಂತ ಎಷ್ಟು ಸಲ ಹೇಳಿದೀನಿ. ನೋಡಿದ್ಯಾ? ಬಂದ."

ಕಾರು ಗೇಟಿನ ಹತ್ತಿರ ನಿಂತಿತು. ಬಾಗಿಲು ತೆರೆದ ಸದ್ದು. ಯೋರ್ಡಿಸ್ ಮೂರು ಬಟ್ಟಲಿಗೂ ಕಾಫಿ ಬಗ್ಗಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ.

ಇಬ್ಬರೂ ಮೆಟ್ಟಿಲ ಮೇಲಿನ ಹೆಜ್ಜೆಗಾಗಿ ಕಾದರು.

ಹೆಜ್ಜೆ ಬರಲಿಲ್ಲ. ಎಂಜಿನ್ ಆರಲೂ ಇಲ್ಲ.

"ನೀವು ಇಲ್ಲೇ ಇರಿ," ಎಂದು ತೋರಾ ಕೋಟು ಕೂಡ ಹಾಕಿಕೊಳ್ಳದೆ ಹೊರಗೆ ಹೋದಳು.

ಹಳೆಯ ನೀಲಿ ಕಾರು ರಸ್ತೆಯ ಬದಿಯಲ್ಲಿ ಗುರುಗುಡುತ್ತಿತ್ತು. ಗಾಜು ಒರೆಸುವ ಕಡ್ಡಿಗಳು ಅತ್ತಿತ್ತ ಆಡುತ್ತಿದ್ದವು. ಚಾಲಕನ ಬಾಗಿಲು ತೆರೆದಿತ್ತು, ಸೀಟು ಖಾಲಿ. ಪಕ್ಕದ ಸೀಟಿನ ಮೇಲೆ ಕಾಗದದ ಪೊಟ್ಟಣ. ತೋರಾ ಮುಟ್ಟಿ ನೋಡಿದಳು. ಒಳಗಿದ್ದ ದಾಲ್ಚಿನ್ನಿ ಬನ್ನು ಇನ್ನೂ ಬಿಸಿಯಾಗಿತ್ತು. ಮೂರು ಜನಕ್ಕೆ ಮೂರು.

ಹೊಸ ಹಿಮದ ಮೇಲೆ ಗಂಡಸಿನ ಬೂಟಿನ ಗುರುತುಗಳು ಕಾರಿನಿಂದ ಗೇಟಿನ ತನಕ ಬಂದಿದ್ದವು. ಗೇಟಿನ ಮುಂದೆ ಎರಡೂ ಪಾದ ಜೋಡಿಸಿ ನಿಂತ ಗುರುತು ಆಳವಾಗಿತ್ತು. ಚಿಲಕದ ಮೇಲೆ ಒಂದು ಅಂಗೈಯಷ್ಟು ಹಿಮ ಕರಗಿತ್ತು. ಅವನು ಅಲ್ಲಿ ಕೈ ಇಟ್ಟುಕೊಂಡು ನಿಂತಿದ್ದ, ಚಿಲಕ ಎತ್ತಿರಲಿಲ್ಲ.

ಅಲ್ಲಿಂದ ಹೆಜ್ಜೆಗಳು ತಿರುಗಿದ್ದವು. ಕಾರಿನ ಕಡೆಗಲ್ಲ. ರಸ್ತೆ ದಾಟಿ, ಚರಂಡಿ ದಾಟಿ, ಸ್ಪ್ರೂಸ್ ಮರಗಳ ನಡುವೆ, ಮೇಲಿನ ಕಾಡಿನ ಕಡೆ. ಬೀಳುವ ಹಿಮ ಒಂದೊಂದಾಗಿ ಅವನ್ನು ಮುಚ್ಚತೊಡಗಿತ್ತು.

ತೋರಾಳ ಹಿಂದೆ ಮನೆಯ ಬಾಗಿಲು ತೆರೆಯಿತು. ಯೋರ್ಡಿಸ್ ಮೆಟ್ಟಿಲ ಮೇಲೆ ನಿಂತಿದ್ದರು. ಕಣ್ಣು ಮಂಜು, ಅಲ್ಲಿಂದ ಅವರಿಗೆ ಕಾರಿನ ದೀಪ ಕಾಣುತ್ತಿತ್ತು, ಅಷ್ಟೇ.

"ಬಂದ್ನಾ ಪುಟ್ಟಾ?" ಎಂದು ಕೂಗಿ ಕೇಳಿದರು. "ಅವನು ಬಂದ್ನಾ?"